ಮಠ ಮರವಾಗದಿರಲು: ಮನೆಯಲ್ಲೇ ಪಾಲಿಮರ್ ಅಚ್ಚು

ಗ್ರೀಟಿಂಗ್ ಕಾರ್ಡು, ತಾಂಬೂಲದ ಚೀಲ, ಮುಯ್ಯಿ ಕವರುಗಳ ಮೇಲೆ ಒತ್ತುವ ಪಾರದರ್ಶಕ ಅಚ್ಚುಗಳನ್ನು, ಯುವಿ ಬೆಳಕು ತಾಕಿದಲ್ಲಿ ಗಟ್ಟಿಯಾಗುವ ರೆಸಿನ್‌ನಿಂದ ಮನೆಯಲ್ಲೇ ಮಾಡುತ್ತೇನೆ. ಹೊಸದಾಗಿ ಕೈಹಾಕುವವರಿಗೆ ಕೆಲವು ಮಾತು.

1. ದುಬಾರಿ ಯುವಿ ದೀಪಕ್ಕೆ ಹಣ ಸುರಿಯುವ ಮೊದಲು ನೆಗೆಟಿವ್ ನೋಡಿಕೊಳ್ಳಿ. ಅಕ್ಷರವಿರುವ ಕಡೆ ಫಿಲ್ಮ್ ಬರಿದಾಗಿರಬೇಕು, ಮಿಕ್ಕದ್ದೆಲ್ಲ ಕಪ್ಪು. ಲೇಸರ್ ಪ್ರಿಂಟರಿನ ಕಪ್ಪನ್ನು ನಂಬಬೇಡಿ. ಬೆಳಕಿಗೆ ಹಿಡಿದರೆ ಬಣ್ಣ ಬಯಲಾಗುತ್ತದೆ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ರೆಸಿನ್ ಗಟ್ಟಿಯಾಗುತ್ತದೆ. ಎರಡು ಪ್ರಿಂಟುಗಳನ್ನು ತಾಳೆ ಹಾಕಿ ಒಂದರ ಮೇಲೊಂದು ಅಂಟಿಸಿ.

2. ಚಿತ್ರವನ್ನು ತಿರುಗುಮುರುಗು ಮಾಡುವುದು ಬೇಡ. ಕೆಳಗಿನ ಗಾಜಿನ ಮೇಲೆ ನೆಗೆಟಿವನ್ನು ಟೋನರ್ ಬದಿ ಮೇಲಾಗಿ, ಅಕ್ಷರ ನೇರ ಓದುವಂತೆ ಇಟ್ಟರಾಯಿತು. ಅದರ ಮೇಲೆ ತೆಳು ಫಿಲ್ಮ್, ಆಮೇಲೆ ರೆಸಿನ್.

3. ರೆಸಿನ್ ಜೋನಿಬೆಲ್ಲದಂತೆ ಮಂದ. ನಿಧಾನವಾಗಿ ಸುರಿದು, ಎದ್ದ ಗುಳ್ಳೆಗಳನ್ನು ಪಿನ್ನಿನಿಂದ ಒಡೆಯಿರಿ. ಕಿಟಕಿ ಮುಚ್ಚಿರಲಿ, ಹಗಲಿನ ಬೆಳಕೂ ಅದನ್ನು ಗಟ್ಟಿಮಾಡುತ್ತದೆ.

4. ಬೆಳಕು ಎರಡು ಸಲ. ಮೊದಲು ಹಿಂಬದಿಯಿಂದ, ಅಂದರೆ ನೆಗೆಟಿವ್ ಇಲ್ಲದ ಮೇಲ್ಬದಿಯಿಂದ, ಸ್ವಲ್ಪ ಹೊತ್ತು: ಅದು ಅಚ್ಚಿನ ತಳಪಾಯ. ಆಮೇಲೆ ನೆಗೆಟಿವ್ ಮೂಲಕ ಹೆಚ್ಚು ಹೊತ್ತು: ಅದು ಅಕ್ಷರ. ಹಿಂಬದಿಯ ಬೆಳಕು ಅತಿಯಾದರೆ ತಳ ಮೇಲೇರಿ ಅಕ್ಷರದ ಆಳ ಹೋಗುತ್ತದೆ. ಎಷ್ಟು ಹೊತ್ತು ಅಂತ ಕೇಳಿದರೆ, ನಿಮ್ಮ ದೀಪ, ನಿಮ್ಮ ರೆಸಿನ್ ಹೇಳಿದಷ್ಟು. ಪರೀಕ್ಷೆಗೆ ನಾನು ಬಳಸುವುದು ‘ಮಠ’ ಎಂಬ ಎರಡಕ್ಷರ. ಠ ಒಳಗಿನ ಚುಕ್ಕೆ ಒಂಟಿ ದ್ವೀಪ. ಬೆಳಕು ಸಾಲದಿದ್ದರೆ ಅದು ತಳಕ್ಕೆ ಕಚ್ಚಿಕೊಳ್ಳದೆ, ತೊಳೆಯುವಾಗ ಉದುರಿ, ಮಠ ಹೋಗಿ ಮರವಾಗುತ್ತದೆ. ಚುಕ್ಕೆ ಉಳಿಯಲೆಂದು ಬೆಳಕು ಹೆಚ್ಚಿಸಿದರೆ ಸುತ್ತಲಿನ ಸಂದು ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಅಚ್ಚು ಮಾಡುವವರಿಗೆ ಈ ತಾಪತ್ರಯ ಐ, ಜೆ ತಲೆಯ ಚುಕ್ಕೆಗಷ್ಟೆ. ನಮಗೆ ಥ ಇದೆ, ಒತ್ತಕ್ಷರಗಳಿವೆ. ಚುಕ್ಕೆ, ಸಂದು ಎರಡನ್ನೂ ಉಳಿಸುವ ಹೊತ್ತು ಸಿಗದಿದ್ದರೆ ಅಕ್ಷರ ದೊಡ್ಡದು ಮಾಡಿ, ಚುಕ್ಕೆಯನ್ನು ಕೊಂಚ ದಪ್ಪಗಾಗಿಸಿ. ಗೆರೆ ಎಲ್ಲೆಡೆ ಒಂದೇ ದಪ್ಪವಿರುವ ಫಾಂಟ್ ವಾಸಿ.

5. ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಷ್. ತೊಳೆದ ಅಚ್ಚನ್ನು ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಯುವಿಗೆ ಒಡ್ಡಿ. ಗಾಳಿಯ ಆಮ್ಲಜನಕ ಮೇಲ್ಪದರವನ್ನು ಗಟ್ಟಿಯಾಗಲು ಬಿಡದು; ಅಂಟಂಟು ಉಳಿಯುವುದು ಅದಕ್ಕೇ.

6. ನೈಟ್ರೈಲ್ ಗ್ಲೌಸ್ ಇಲ್ಲದೆ ಹಸಿ ರೆಸಿನ್ ಮುಟ್ಟಬೇಡಿ, ಚರ್ಮಕ್ಕೆ ಅಲರ್ಜಿ ಹತ್ತಿಕೊಂಡರೆ ಬಿಡದು. ಉಳಿದದ್ದನ್ನು ಸಿಂಕಿಗೆ ಸುರಿಯುವುದೂ ಬೇಡ. ಬಿಸಿಲಿಗಿಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಕಸಕ್ಕೆ.

7. ದೀಪ ಹಳತಾದಂತೆ ಶಕ್ತಿ ಕುಂದುತ್ತದೆ. ಆಗಾಗ ‘ಮಠ’ ತೆಗೆದು ನೋಡಿ, ಹಿಡಿದ ಹೊತ್ತನ್ನು ದೀಪದ ಪೆಟ್ಟಿಗೆಯ ಮೇಲೇ ಬರೆದಿಡಿ.