ಮನೆಯಲ್ಲಿ ವಚನಗಾಯನ

ಶರಣರ ವಚನಗಳನ್ನು ಮಕ್ಕಳಿಗೆ ಕಲಿಸತಕ್ಕದ್ದೆಂದು ಹೇಳುವ ಗೃಹಸ್ಥರು ಬಹುಮಂದಿ ಉಂಟು. ಮಕ್ಕಳೊಡನೆ ಕುಳಿತು ತಾವೂ ಹಾಡುವವರು ವಿರಳ. ಇವೆರಡಕ್ಕೂ ಇರುವ ಅಂತರವು ಅಲ್ಪವಾದುದಲ್ಲ. ಕಲಿಸುವಲ್ಲಿ ಮಗುವು ಪಾಠವನ್ನು ಒಪ್ಪಿಸುತ್ತದೆ, ಹಿರಿಯರು ತಪ್ಪನ್ನು ಹುಡುಕುತ್ತಾರೆ. ಕೂಡಿ ಹಾಡುವಲ್ಲಿ ಹಿರಿಯರೂ ಮಗುವೂ ಒಂದೇ ಸುಖಕ್ಕೆ ಪಾಲುಗಾರರಾಗುತ್ತಾರೆ. ಬಸವಜಯಂತಿಯ ಸಭೆಯಲ್ಲಿ ಬಹುಮಾನಕ್ಕಾಗಿ ಹತ್ತು ವಚನಗಳನ್ನು ತಡವರಿಸದೆ ಒಪ್ಪಿಸಿದ ಬಾಲಕನು ಮರುದಿನದಿಂದ ಅವುಗಳಲ್ಲಿ ಒಂದನ್ನೂ ನಾಲಗೆಗೆ ತಂದುಕೊಳ್ಳದಿರುವುದು ಅಪರೂಪವೇನಲ್ಲ. ನಡುವೆ ಮರೆತು ಗದರಿಸಿಕೊಂಡ ಮಗುವಿಗಂತೂ ಶರಣರ ನುಡಿಯೆಂದೊಡನೆ ಅಂಜಿಕೆಯೇ ನೆನಪಾಗುವುದು. ಎಳವೆಯಲ್ಲಿ ಹೀಗೆ ಮೂಡಿದ ಬೇಸರವನ್ನು ಮುಂದೆ ಯಾವ ಪ್ರವಚನವೂ ಸುಲಭವಾಗಿ ಕಳೆಯಲಾರದು.

ಗಾಯನಶಾಸ್ತ್ರದ ಅಳತೆಗಳನ್ನಾಗಲಿ ಕಾವ್ಯಶಾಸ್ತ್ರದ ಗಣಗಳನ್ನಾಗಲಿ ತಾವು ಬಲ್ಲವರಲ್ಲವೆಂದು ಬಸವಣ್ಣನವರು ದೇವನ ಮುಂದೆ ಹೇಳಿಕೊಂಡುದುಂಟು. ಪ್ರೀತಿಯು ನಡೆಸಿದತ್ತ ತಮ್ಮ ಹಾಡು ನಡೆಯುವುದೆಂಬುದು ಅವರ ಭಾವ. ಮತ್ತೊಂದು ವಚನದಲ್ಲಿ ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿ ನುಡಿಸಬೇಕೆಂದು ಅವರು ಬೇಡಿದರು. ಅಂತಹ ನುಡಿಯನ್ನು ಮನೆಯಲ್ಲಿ ಹಾಡಲು ‘ನಮಗೆ ರಾಗ ಬಾರದು’ ಎಂದು ತಂದೆತಾಯಿಗಳು ಹಿಂಜರಿಯುವುದು ಸೋಜಿಗವೇ ಸರಿ. ವಚನಕ್ಕೆ ಷಟ್ಪದಿಯಂತೆ ಮಾತ್ರೆಗಳ ಕಟ್ಟಿಲ್ಲ. ಆದುದರಿಂದ ಮನೆಯವರಿಗೆ ರೂಢಿಯಿರುವ ಯಾವ ಧಾಟಿಯಲ್ಲಿಯಾದರೂ ಅದನ್ನು ಹಾಡಬಹುದು. ಮಾತಿನ ನಿಲುಗಡೆ ಕೆಡಬಾರದು, ಅಷ್ಟೆ. ಪಲ್ಲವಿ ಸಹಿತವಾದ ಹಾಡೇ ಬೇಕೆಂಬವರಿಗೆ ಶರಣರ ಸ್ವರವಚನಗಳಿವೆ. ನಿಜಗುಣ ಶಿವಯೋಗಿಗಳ, ಮುಪ್ಪಿನ ಷಡಕ್ಷರಿಗಳ, ಸರ್ಪಭೂಷಣ ಶಿವಯೋಗಿಗಳ ಪದಗಳಿವೆ. ಇವುಗಳಲ್ಲಿ ಹಲವು ಭಜನೆಯ ಮೇಳಗಳಲ್ಲಿ ಇಂದಿಗೂ ಕೇಳಬರುತ್ತವೆ.

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸುತ್ತಣ ಸೀಮೆಯನ್ನು ನೋಡಿದರೆ ಹಾಡಿನ ಬಲವೇನೆಂಬುದು ಇನ್ನೂ ಸ್ಪಷ್ಟವಾಗುವುದು. ಮಳೆ ಕಡಿಮೆಯಾದ, ಬಂಡೆಗುಡ್ಡಗಳ, ಶೇಂಗಾ ಬೆಳೆಯುವ ನೆಲವಿದು. ಹಾಡಿಗೆ ಮಾತ್ರ ಇಲ್ಲಿ ಬರವಿಲ್ಲ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಾಯಿತಂದೆಯರ ಮಾತನ್ನು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಹಿತವಚನವನ್ನು ಅಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಕೊರೆಯಿಸಲಾಯಿತು. ಆದರೆ ಆ ಲಿಪಿಯನ್ನು ಬಲ್ಲವರು ಇಲ್ಲವಾಗಿ ಬಂಡೆಯು ಶತಮಾನಗಳ ಕಾಲ ಮೂಕವಾಗಿತ್ತು, 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಮೇಲೆ ಅದರ ಮಾತು ಲೋಕಕ್ಕೆ ಕೇಳಿಸಿತು. ಇತ್ತ ನೆರೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರವೇ ಬಾರದಾಗಿತ್ತು. ಆದರೂ ಆಕೆಯ ನಾಲಗೆಯ ಮೇಲೆ ಸಾವಿರಾರು ಹಾಡುಗಳಿದ್ದುವು. ವಿದ್ವಾಂಸರು ಆಕೆಯನ್ನು ಅರಸಿಕೊಂಡು ಹೋಗಿ ಬರೆದುಕೊಂಡರು. ಆ ಹಾಡುಗಳು ಯಾವ ಪುಸ್ತಕದಿಂದ ಬಂದುವು? ಹಿರಿಯರು ಹಾಡುತ್ತಿದ್ದರು, ಕಿರಿಯರು ಕೇಳುತ್ತಿದ್ದರು.

ವಚನಗಳ ಚರಿತ್ರೆಯಲ್ಲಿಯೂ ಇಂತಹ ಮೌನದ ಕಾಲವೊಂದುಂಟು. ತಾಡವಾಲೆಯ ಕಟ್ಟುಗಳು ಅರಿವೆಯಲ್ಲಿ ಸುತ್ತಿಸಿಕೊಂಡು ಮನೆ ಮಠಗಳಲ್ಲಿ ಪೂಜೆಗೊಳ್ಳುತ್ತಿದ್ದುವು, ಬಿಚ್ಚಿ ಓದುವವರು ಕಡಿಮೆಯಾಗಿದ್ದರು. ಫ. ಗು. ಹಳಕಟ್ಟಿಯವರು ಅವನ್ನು ಊರೂರು ತಿರುಗಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಈಗ ಅಚ್ಚಾದ ಸಂಪುಟಗಳು ಮನೆಮನೆಯ ಗೂಡಿನಲ್ಲಿವೆ. ಅವೂ ಹೊಸ ಕಾಲದ ತಾಡವಾಲೆಗಳಾಗಿ ಧೂಳು ಹಿಡಿಯಬೇಕೆ ಎಂಬುದನ್ನು ಗೃಹಸ್ಥರು ಯೋಚಿಸಬೇಕಾಗಿದೆ.

ಮಕ್ಕಳ ಕಿವಿಗೆ ಬಿದ್ದ ನಾದವು ಎಷ್ಟು ದೂರ ಕರೆದೊಯ್ಯಬಲ್ಲದೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ (1914–2010) ಬಾಲ್ಯವೇ ಸಾಕ್ಷಿ. ಹಸುಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಆ ಬಾಲಕನ ಕೈ ಸೋದರಮಾವನ ಹಾರ್ಮೋನಿಯಂ ಮೇಲೆ ಆಡತೊಡಗಿತು. ಮಾವನು ಅದನ್ನು ಕಸಿದಿಡದೆ ಅವನ ಆಸಕ್ತಿಯನ್ನು ಕಂಡು ಪಂಚಾಕ್ಷರಿ ಗವಾಯಿಗಳ ಬಳಿಗೆ ಕಳುಹಿಸಿದುದರಿಂದ ನಾಡಿಗೆ ಒಬ್ಬ ಮಹಾಗಾಯಕರು ದೊರೆತರು. ಎಲ್ಲ ಮಕ್ಕಳೂ ಗವಾಯಿಗಳಾಗಬೇಕಿಲ್ಲ, ಆಗಲೆಂದು ಬಯಸುವುದೂ ತರವಲ್ಲ. ವಸ್ತು ಹಾಳಾದೀತೆಂದು ಮಗುವಿನ ಕೈಯನ್ನು ಹಿಂದಕ್ಕೆಳೆಯುವ ಮನೆಗಳು ಇದನ್ನು ನೆನೆಯಬೇಕು.

ಆರಂಭಕ್ಕೆ ಯಾವ ವಚನಗಳು ತಕ್ಕವು? ಕಳವು, ಕೊಲೆ, ಹುಸಿ, ಮುನಿಸುಗಳನ್ನು ಬಿಡಬೇಕೆನ್ನುವ ಬಸವಣ್ಣನವರ ವಚನವು ನೀತಿಗಾಗಿ ಪ್ರಸಿದ್ಧವಾದುದು. ಆದರೆ ಮಗುವನ್ನು ಅದು ಒಲಿಸಿಕೊಳ್ಳುವುದು ನೀತಿಯಿಂದಲ್ಲ. ಒಂದೇ ಪದವು ಮತ್ತೆ ಮತ್ತೆ ಮರಳಿ ಬಂದು ಕೈತಟ್ಟುವುದಕ್ಕೆ ಹದವಾಗಿರುವುದರಿಂದ. ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುವ ಅಕ್ಕಮಹಾದೇವಿಯವರ ವಚನದಷ್ಟು ಮಕ್ಕಳಿಗೆ ಹಿಡಿಸುವುದು ಬೇರೊಂದಿರಲಾರದು. ಹಿರಿಯರು ಹಕ್ಕಿಯ ಹೆಸರನ್ನು ಹಾಡಿದಾಗ ಮಕ್ಕಳು ಆ ಹಕ್ಕಿಯಾಗಿ ಕುಣಿಯುತ್ತಾರೆ. ಕುಣಿಯಲಿ, ಅದರಿಂದ ಭಕ್ತಿಗೇನೂ ಕುಂದಿಲ್ಲ. ನೇಯ್ಗೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಲಾಳಿಯ ಸದ್ದನ್ನು ಕೇಳುತ್ತ ಬೆಳೆದ ಮಗುವಿಗೆ ನೇಕಾರರಾಗಿದ್ದ ದಾಸಿಮಯ್ಯನವರು ಪರಕೀಯರೆನಿಸಲಾರರು. ಅಲ್ಲಮಪ್ರಭುದೇವರ ಬೆಡಗಿನ ವಚನಗಳನ್ನು ಮಾತ್ರ ತಡಮಾಡಿ ಕೊಡುವುದು ಲೇಸು. ಒಗಟಿನಲ್ಲಿ ಆಸಕ್ತಿಯುಳ್ಳ ಹನ್ನೆರಡು ಹದಿಮೂರು ವರ್ಷದವರಿಗೆ ಅವು ಬೇರೆ ಬಗೆಯಲ್ಲಿ ರುಚಿಸುವುವು.

ಹಾಡುವ ಕ್ರಮವು ಸರಳವಾಗಿರಲಿ. ಸಂಜೆಯ ಲಿಂಗಪೂಜೆಯಾದ ಬಳಿಕ ಕಾಲು ಗಂಟೆ ಸಾಕು. ಹಿರಿಯರು ವಚನವನ್ನು ಹಾಡುತ್ತ ಬಂದು ಅಂಕಿತದ ಬಳಿ ನಿಲ್ಲಲಿ. ಕೂಡಲಸಂಗಮದೇವಾ ಎಂಬುದನ್ನು ಮಕ್ಕಳು ತುಂಬಲಿ. ಕೆಲವು ದಿನಗಳಲ್ಲಿ ಅವರು ಹಿಂದಿನ ಸಾಲನ್ನೂ ತಾವಾಗಿಯೇ ಹಿಡಿಯುತ್ತಾರೆ. ಅಪಸ್ವರ ಬಂದರೆ ತಿದ್ದಬೇಡ. ನೆರೆಯವರ ಮುಂದೆ ಹಾಡಿ ತೋರಿಸೆಂದು ಒತ್ತಾಯಿಸಲೂ ಬೇಡ. ಬಿತ್ತನೆಗಾಗಿ ಮನೆಮಂದಿಯೆಲ್ಲ ಕೂಡಿ ಶೇಂಗಾ ಸುಲಿಯುವ ದಿನಗಳಲ್ಲಿ ಕೈ ಒಂದು ಕಡೆ, ಬಾಯಿ ಒಂದು ಕಡೆ ನಡೆಯುವುದರಿಂದ ಕಾಲು ಗಂಟೆಯು ತಾನೇ ಒಂದು ಗಂಟೆಯಾಗುವುದು.

ಈ ಹೊತ್ತನ್ನು ಇಂದು ಅನೇಕ ಮನೆಗಳಲ್ಲಿ ಮೊಬೈಲು ಕಬಳಿಸಿದೆ. ಆ ಯಂತ್ರವನ್ನು ಹಳಿದು ಫಲವಿಲ್ಲ; ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಹಾಡಿದ ವಚನಗಳು ಅದರಲ್ಲಿಯೇ ದೊರೆಯುತ್ತವೆ, ಕೇಳಿಸಬೇಕು. ಆದರೆ ಮನ್ಸೂರರ ಕಂಠವನ್ನು ಮಗುವು ಮೆಚ್ಚುತ್ತದೆ, ತಂದೆಯ ಒಡಕುದನಿಯನ್ನು ಅನುಸರಿಸುತ್ತದೆ. ಒಂದನ್ನು ಕೊಟ್ಟೆವೆಂದು ಇನ್ನೊಂದನ್ನು ನಿಲ್ಲಿಸಲಾಗದು. ತಂದೆಯೆಂದುದು ಬೇಕೆಂದೇ: ಮನೆಯ ಹಾಡು ತಾಯಿ ಅಜ್ಜಿಯರ ಕೆಲಸವೆಂದು ಗಂಡಸರು ಜಗಲಿಯಲ್ಲಿ ಕುಳಿತುಬಿಡುವುದುಂಟು. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕಟ್ಟಿದ ಧರ್ಮದಲ್ಲಿ ಈ ಪಾಲುಗಾರಿಕೆಗೆ ಎಡೆಯಿಲ್ಲ.

ಅರ್ಥವನ್ನು ಮೊದಲೇ ಬಿಡಿಸಿ ಹೇಳುವ ಆತುರವೂ ಸಲ್ಲದು. ಪ್ರಶ್ನೆಯು ಮಗುವಿನಿಂದಲೇ ಬರುವ ದಿನವೊಂದುಂಟು. ಹೊಲದ ಬದುವಿನಲ್ಲಿ ನವಿಲನ್ನು ಕಂಡ ಹುಡುಗಿಯು ತಟ್ಟನೆ ನಿಂತು, “ಅಪ್ಪಾ, ಅಕ್ಕ ಕೇಳಿದ್ದಕ್ಕೆ ನವಿಲು ಏನಂತು?” ಎಂದಾಳು. ಅಂದು ಬೇಸಾಯದ ಕೆಲಸವು ಅರ್ಧ ಗಳಿಗೆ ತಡವಾದರೂ ಚಿಂತೆಯಿಲ್ಲ. ಬದುವಿನ ಮೇಲೆಯೇ ಕುಳಿತು, ಉಡುತಡಿಯಿಂದ ಕಥೆಯನ್ನು ಆರಂಭಿಸಬಹುದು.