ಮಕ್ಕಳ ಆಟಕ್ಕೆ ಪುರುಸೊತ್ತು ಕೊಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ತಮ್ಮಂದಿರೆ, ತಂಗಿಯರೆ,

‘ಈಗಿನ ಹುಡುಗರಿಗೆ ಮೊಬೈಲ್ ಬಿಟ್ಟರೆ ಬೇರೆ ಆಟವೇ ಗೊತ್ತಿಲ್ಲ’ ಎಂದು ನೀವೂ ಗೊಣಗತೊಡಗಿದ್ದೀರಿ. ಮಕ್ಕಳನ್ನು ಬೈಯುವ ಮೊದಲು ಅವರ ಸುತ್ತಲಿನ ಬದುಕನ್ನು ಒಮ್ಮೆ ನೋಡಿ. ಹಿರಿಯರ ದುಡಿಮೆ, ಮನೆಯ ಗಳಿಕೆ, ಊರಿನ ರೀತಿ ರಿವಾಜು ಹೇಗೋ ಮಕ್ಕಳ ಆಟವೂ ಹಾಗೆ.

ಎತ್ತಿನ ಬೇಸಾಯದ ಕಾಲದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಕ್ಕಳ ಕೈಯಲ್ಲಿ ಕರಿಮಣ್ಣಿನ ಎತ್ತು, ಗ್ವಾದಲಿ ಮೂಡುತ್ತಿದ್ದವು. ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಮುಂದೆ ಕೃಷ್ಣೆಯ ದಂಡೆಗುಂಟ ಕಬ್ಬು ಹಬ್ಬಿತು, ಕಬ್ಬಿನ ಬೆನ್ನಿಗೆ ಟ್ರ್ಯಾಕ್ಟರ್ ಬಂತು. ಇಂದು ಹುಡುಗರು ಟ್ರ್ಯಾಲಿ ಎಳೆಯುವ ಆಟ ಆಡಿದರೆ ಅದೂ ಮಣ್ಣೆತ್ತಿನ ಕುಲದ್ದೇ. ದೊಡ್ಡವರ ನಿಜವಾದ ಕೆಲಸ ಕೈಗೆ ನಿಲುಕದಾದಾಗ ಮಗು ಆ ಕೆಲಸವನ್ನು ಆಟವಾಗಿ ಆಡತೊಡಗುತ್ತದೆ. ರಷ್ಯಾದ ಮನೋವಿಜ್ಞಾನಿ ಎಲ್ಕೋನಿನ್ 1978ರ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ.

ಆದರೆ ಕೆಲಸವೇ ಮಗುವಿನ ಕೈಗೆ ಬಂದುಬಿಟ್ಟರೆ? ಮನೆಯಲ್ಲಿ ಬೀಡಿ ಕಟ್ಟುವವರ ಕೂಲಿ ಎಣಿಕೆಯ ಮೇಲೆ. ಎಣಿಕೆ ತುಂಬಲೆಂದು ತಾಯಿಯ ಪಕ್ಕದಲ್ಲಿ ಮಗಳೂ ಎಲೆ ಹಿಡಿದು ಕೂರುತ್ತಾಳೆ. ಹದಿನಾಲ್ಕು ತುಂಬದ ಮಕ್ಕಳನ್ನು ಬೀಡಿ ಕೆಲಸಕ್ಕೆ ಹಚ್ಚಬಾರದೆಂದ 1986ರ ಕಾನೂನು, ಮನೆಯವರೇ ಕೂಡಿ ಮಾಡುವ ಕೆಲಸವನ್ನು ಹೊರಗಿಟ್ಟಿತ್ತು. 2016ರ ತಿದ್ದುಪಡಿಯ ನಂತರವೂ ಮನೆಯೊಳಗೆ ಏನು ನಡೆದಿದೆ ಎಂದು ನೋಡುವವರು ಬೇಕು. ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಅವರ ಜೋಪಡಿಗಳಲ್ಲಿ ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ ತಮ್ಮ ಕೂತಿರುತ್ತಾನೆ. ಅವಳು ಯಾವಾಗ ಆಡಬೇಕು?

ಅದಕ್ಕೇ ನಿಮ್ಮನ್ನು ಕೇಳುತ್ತೇನೆ. ಗ್ಯಾಂಗಿನ ಮಕ್ಕಳ ಹೆಸರು ಹತ್ತಿರದ ಶಾಲೆಗೆ, ಅಂಗನವಾಡಿಗೆ ಹಚ್ಚಿಸಿ. ವರ್ಷದ ನಡುವೆ ಬಂದರೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಶಾಲೆಯ ಬಯಲು ಸಂಜೆಯೂ ತೆರೆದಿರಲೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿ. ಕನ್ನಡ ಮಾತಾಡುವ, ಮರಾಠಿ ಮಾತಾಡುವ ಮಕ್ಕಳು ಆ ಬಯಲಲ್ಲಿ ಒಟ್ಟಿಗೆ ಆಡಲಿ. ಹುಡುಗಿಯರಿಗೆ ಪಂಚಮಿಯ ಜೋಕಾಲಿಯೊಂದೇ ಸಾಕೆಂದು ತಿಳಿಯಬೇಡಿ.

ಆಟ ಮಕ್ಕಳ ಹಕ್ಕೆಂದು ಸಾರುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಆ ಹಕ್ಕು ಜಾರಿಗೆ ಬರಬೇಕಾದದ್ದು ನಮ್ಮ ನಿಮ್ಮ ಮನೆಗಳಲ್ಲಿ. ತಮ್ಮಂದಿರೆ, ಬ್ಯಾಟ್ ಹಿಡಿದು ಹೊರಡುವ ಮುಂಚೆ ತಂಗಿಯ ಪಾಲಿನ ಕೆಲಸದಲ್ಲಿ ಅರ್ಧ ನೀವು ಮಾಡಿ, ಅವಳನ್ನೂ ಬಯಲಿಗೆ ಕರೆದುಕೊಂಡು ಹೋಗಿ.