ಕರಿಬೇವಿಗೆ ಚಳಿಗಾಲದ ಬಿಸಿಲು

ಮೊನ್ನೆ ನೀನು ಫೋನ್ ಮಾಡಿ, "ಆಂಟಿ, ಕರಿಬೇವಿನ ಎಲೆಯೆಲ್ಲ ಹಳದಿಯಾಗಿ ಉದುರ್ತಾ ಇದೆ. ಬೇಸ್‌ಮೆಂಟ್‌ನಲ್ಲಿ ಒಂದು ಗ್ರೋ ಟೆಂಟ್ ಹಾಕೋಣ ಅಂತಿದೀವಿ. ಎಲ್‌ಇಡಿ ಲೈಟ್ ಯಾವುದು ತರಿಸಲಿ?" ಅಂತ ಕೇಳಿದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಆಮೇಲೆ ಹೇಳ್ತೀನಿ ಅಂದುಬಿಟ್ಟೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತೂ ಅಲ್ಲ ಇದು. ಟೊರೊಂಟೊ ಪಕ್ಕದ ಈ ಮಿಸ್ಸಿಸಾಗಾದಲ್ಲಿ ನನಗೆ ಇಪ್ಪತ್ತಾರು ಚಳಿಗಾಲ ಕಳೆದವು. ಅಷ್ಟರಲ್ಲಿ ಮೂರು ಕರಿಬೇವಿನ ಗಿಡ ಕಳೆದುಕೊಂಡೆ. ನಾಲ್ಕನೆಯದು ಎಂಟನೇ ವರ್ಷಕ್ಕೆ ಕಾಲಿಟ್ಟಿದೆ, ಹೊರಗೆ ಹಿಮ ಬೀಳುತ್ತಿರುವಾಗಲೂ ಕೆಳಗೆ ಚಿಗುರುತ್ತದೆ. ಆ ಮೂರು ಗಿಡ ಕಲಿಸಿದ್ದನ್ನು ನಿನಗೆ ಹೇಳಿಬಿಡುತ್ತೇನೆ. ನೀನೂ ಅದೇ ದಾರಿಯಲ್ಲಿ ದುಡ್ಡು ಕಳೆಯುವುದು ಬೇಡ.

ಗಿಡಕ್ಕೆ ಏನಾಗಿದೆ ಅನ್ನುವುದು ಮೊದಲು ತಿಳಿಯಬೇಕು. ನಮ್ಮ ಕಡೆ ಹಿತ್ತಲಲ್ಲಿ ಬಚ್ಚಲ ನೀರು ಕುಡಿದುಕೊಂಡು, ಯಾರ ಆರೈಕೆಯೂ ಇಲ್ಲದೆ ಸೂರು ಮುಟ್ಟುವ ಗಿಡ ಅದು. ಅಲ್ಲಿ ಅದಕ್ಕೆ ಬಿಸಿಲು ಬೇಕಾದಷ್ಟಿತ್ತು. ಬೆಳಕಿನ ಲೆಕ್ಕ ಇಡುವವರು ಅದನ್ನು ಕಾಳುಕಾಳಾಗಿ ಎಣಿಸುತ್ತಾರೆ. ನಾವು ರಾಗಿಯನ್ನು ಸೇರಿನಲ್ಲಿ ಅಳೆದ ಹಾಗೆ ಅವರ ಅಳತೆ 'ಮೋಲ್'. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ದಿನದಲ್ಲಿ ಎಷ್ಟು ಮೋಲ್ ಬೆಳಕು ಬಿತ್ತು ಅನ್ನುವುದಕ್ಕೆ ಡಿಎಲ್‌ಐ ಅನ್ನುತ್ತಾರೆ. ಗಿಡದ ದಿನದ ಊಟ ಅಂತ ಇಟ್ಟುಕೋ. ಕರ್ನಾಟಕದ ಮಾರ್ಚ್ ಬಿಸಿಲಲ್ಲಿ ಅದು 40 ದಾಟುತ್ತದೆ. ಇಲ್ಲಿಯ ಡಿಸೆಂಬರ್‌ನಲ್ಲಿ ಹಗಲು ಇರುವುದೇ ಒಂಬತ್ತು ಗಂಟೆ. ಬಯಲಲ್ಲಿ ನಿಂತ ಗಿಡಕ್ಕೂ 10ರ ಆಸುಪಾಸು ಸಿಕ್ಕರೆ ಹೆಚ್ಚು. ಕಿಟಕಿಯ ಗಾಜು ದಾಟಿ ಒಳಗೆ ಬರುವ ಹೊತ್ತಿಗೆ ಅದರಲ್ಲಿ ಸ್ವಲ್ಪವೇ ಉಳಿಯುತ್ತದೆ. ಬೇಸ್‌ಮೆಂಟ್‌ನಲ್ಲಂತೂ ಏನೂ ಇಲ್ಲ. ನಿನ್ನ ಗಿಡ ಉಪವಾಸ ಬಿದ್ದಿದೆ ಕಣಮ್ಮ. ಎಲೆ ಉದುರಿಸಿ ಹೇಗೋ ಜೀವ ಹಿಡಿದುಕೊಂಡಿದೆ.

ಮನೆಯ ಬಲ್ಬನ್ನೇ ಮೇಲೆ ತೂಗುಹಾಕಿದರೆ ಆಗದೇ ಅಂತ ನಿನ್ನ ಗಂಡ ಕೇಳಿದನಂತೆ. ಒಳ್ಳೆಯ ಪ್ರಶ್ನೆ. ಊರಿಗೆ ಹೋದಾಗ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ತೋಟದಲ್ಲಿ ಸಾಲುಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ದೂರದಿಂದ ಜಾತ್ರೆಯ ಹಾಗೆ ಕಾಣುತ್ತದೆ. ಸೇವಂತಿಗೆ ರಾತ್ರಿ ಉದ್ದವಾದರೆ ಮೊಗ್ಗು ಕಟ್ಟುವ ಗಿಡ. ಬಲ್ಬು ಉರಿಸಿದರೆ ಅದಕ್ಕೆ ಇನ್ನೂ ಹಗಲೇ ಇದೆ ಅನ್ನಿಸುತ್ತದೆ, ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯುತ್ತದೆ, ರೈತ ತನಗೆ ಬೇಕಾದ ಕಾಲಕ್ಕೆ ಹೂ ಬಿಡಿಸಿಕೊಳ್ಳುತ್ತಾನೆ. ಅಲ್ಲಿ ಬಲ್ಬು ಕೊಡುವುದು ಬರೀ ಸುದ್ದಿ, ಊಟ ಹಾಕುವುದು ಮಾರನೆಯ ದಿನದ ಸೂರ್ಯ. ಸುದ್ದಿ ಕೊಡಲು ಮಂಕು ಬೆಳಕು ಸಾಕು. ನಿನ್ನ ಟೆಂಟಿನೊಳಗೆ ಸೂರ್ಯನೇ ಇಲ್ಲ, ಇಡೀ ಊಟವನ್ನು ಆ ಒಂದು ಲೈಟೇ ಬಡಿಸಬೇಕು. ಹಾಗಾಗಿ ಅದು ಎಲೆಯ ಮೇಲೆ ಎಷ್ಟು ಬೆಳಕು ಸುರಿಯುತ್ತದೆ ಅನ್ನುವುದೊಂದೇ ನೀನು ನೋಡಬೇಕಾದ್ದು. ಆ ಅಳತೆಯ ಹೆಸರು ಪಿಪಿಎಫ್‌ಡಿ, ಅಂದರೆ ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಬೀಳುವ ಬೆಳಕು, ಮೋಲಿನ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರೋಮೋಲ್ ಲೆಕ್ಕದಲ್ಲಿ. ಅದು 300 ಇದ್ದು, ದಿನಕ್ಕೆ 12 ಗಂಟೆ ಉರಿದರೆ ಸುಮಾರು 13 ಮೋಲ್ ಆಗುತ್ತದೆ. 14 ಗಂಟೆಗೆ 15. ನನ್ನ ಗಿಡ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಷ್ಟರಲ್ಲೇ ಸುಖವಾಗಿದೆ.

ಈಗ ಪೆಟ್ಟಿಗೆಯ ಮೇಲಿನ ಬರಹಕ್ಕೆ ಬರೋಣ. ನನ್ನ ಎರಡನೆಯ ಗಿಡ ಹೋದದ್ದು ಅದರಿಂದಲೇ. ಆನ್‌ಲೈನ್‌ನಲ್ಲಿ '1000 ವ್ಯಾಟ್' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ಒಂದು ಲೈಟ್ ತರಿಸಿದೆ. ನೇರಳೆ ಬೆಳಕು, ಒಳಗೆ ಗುಂಯ್ ಅನ್ನುವ ಎರಡು ಪುಟ್ಟ ಫ್ಯಾನು. ಒಂದು ತಿಂಗಳಾದರೂ ಚಿಗುರಿಲ್ಲ. ಕೊನೆಗೆ ಪ್ಲಗ್ಗಿಗೆ ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದರೆ ಅದು ಎಳೆಯುತ್ತಿದ್ದುದು ನೂರು ವ್ಯಾಟ್ ಚಿಲ್ಲರೆ. ಆ ಸಾವಿರ ಅನ್ನುವುದು ಹಳೆಯ ಕಾಲದ ಯಾವುದೋ ದೀಪಕ್ಕೆ 'ಸಮ' ಅಂತ ಮಾರುವವರು ಹಾಕಿಕೊಂಡ ಲೆಕ್ಕ. ಪೆಟ್ಟಿಗೆಯ ಮುಂಭಾಗ ನೋಡಲೇಬೇಡ ಮಗಳೇ. ವಿವರದ ಪಟ್ಟಿಯಲ್ಲಿ ಗೋಡೆಯಿಂದ ನಿಜವಾಗಿ ಎಳೆಯುವ ವ್ಯಾಟ್ ಎಷ್ಟು ಅಂತ ಹುಡುಕು. ಅದರ ಪಕ್ಕದಲ್ಲೇ ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಅಂತ ಬರೆದಿರಬೇಕು. ಬೈಕಿನ ಮೈಲೇಜ್ ನೋಡಿದ ಹಾಗೆ ನೋಡಬೇಕಾದ ಅಂಕಿ ಅದು. 2.5ರ ಮೇಲಿದ್ದರೆ ಒಳ್ಳೆಯ ಲೈಟ್. 2ಕ್ಕಿಂತ ಕೆಳಗಿದ್ದರೆ ಬೇಡ. ಈ ಎರಡು ಅಂಕಿಯನ್ನೂ ಹೇಳದೆ ಮುಚ್ಚಿಡುವವರ ಹತ್ತಿರ ಎಷ್ಟೇ ಅಗ್ಗವಾದರೂ ತಗೋಬೇಡ. ಚಿಪ್ಪು ಸ್ಯಾಮ್‌ಸಂಗ್‌ನ ಎಲ್‌ಎಂ301 ಸರಣಿಯದು, ಅದಕ್ಕೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್ ಮೀನ್‌ವೆಲ್‌ದು ಅಂತ ಬರೆದಿದ್ದರೆ ಒಳ್ಳೆಯ ಲಕ್ಷಣ, ಆದರೆ ಆ ಹೆಸರುಗಳನ್ನೂ ಸುಮ್ಮನೆ ಬರೆದುಕೊಳ್ಳುವವರಿದ್ದಾರೆ. ಅಂಕಿಯ ಜೊತೆಗೆ ಮೂರು ವರ್ಷವಾದರೂ ವಾರಂಟಿ ಕೊಡುವವರನ್ನೇ ನಂಬು.

ನೇರಳೆ ಲೈಟಿನ ವಿಷಯ ಇನ್ನೊಂದು ಮಾತು. ಎಲೆ ಹಸಿರಾಗಿ ಕಾಣುವುದರಿಂದ ಹಸಿರು ಬೆಳಕು ಅದಕ್ಕೆ ಬೇಡ, ಕೆಂಪು ನೀಲಿ ಎರಡೇ ಸಾಕು ಅಂತ ಇವತ್ತಿಗೂ ಕೆಲವರು ಹೇಳುತ್ತಾರೆ. 1972ರಲ್ಲೇ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಜಾತಿಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ಹಸಿರು ಬೆಳಕನ್ನೂ ಎಲೆ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ ಅಂತ ತೋರಿಸಿದ್ದರು. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನೇರಳೆ ಬೆಳಕಿನಲ್ಲಿ ಗಿಡವೆಲ್ಲ ಕಪ್ಪಗೆ ಕಾಣುತ್ತದೆ. ಹೀಟರಿನ ಒಣಗಾಳಿಗೆ ನನ್ನ ಗಿಡಕ್ಕೆ ಜೇಡ ನುಸಿ ಹತ್ತಿಕೊಂಡು, ಎಲೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಹಳದಿ ಚುಕ್ಕೆ ಬಿದ್ದಿದ್ದವು, ಎಲೆಯ ಹಿಂದೆ ನವಿರಾದ ಬಲೆ ಕಟ್ಟಿತ್ತು. ಟೆಂಟಿನಿಂದ ಹೊರಗೆ ತಂದು ಕಿಟಕಿಯ ಹತ್ತಿರ ಹಿಡಿದಾಗಲೇ ನನಗೆ ಅದು ಕಂಡದ್ದು. ಅಷ್ಟು ಹೊತ್ತಿಗೆ ತಡವಾಗಿತ್ತು. ಬಿಳಿ ಬೆಳಕಿನ ಲೈಟೇ ತಗೋ. 3000ದಿಂದ 4000 ಕೆಲ್ವಿನ್ ಅಂತ ಇರುತ್ತದೆ, ಜೊತೆಗೆ ನಾಲ್ಕಾರು ಕೆಂಪು ಚಿಪ್ಪು ಇದ್ದರೆ ಇರಲಿ. ಯುವಿ, ಇನ್‌ಫ್ರಾರೆಡ್ ಅಂತ ಹೆಚ್ಚಿಗೆ ದುಡ್ಡು ಕೊಡಬೇಕಾಗಿಲ್ಲ.

ಈ ಲೈಟುಗಳ ಮಾರುಕಟ್ಟೆ ಯಾಕೆ ಹೀಗೆ ದೊಡ್ಡ ದೊಡ್ಡ ಅಂಕಿಗಳ ಹಿಂದೆ ಬಿದ್ದಿದೆ ಅನ್ನುವುದನ್ನೂ ನೇರವಾಗಿ ಹೇಳುತ್ತೇನೆ. ಕೆನಡಾದಲ್ಲಿ 2018ರ ಅಕ್ಟೋಬರ್‌ನಲ್ಲಿ ಗಾಂಜಾ ಕಾನೂನುಬದ್ಧವಾಯಿತು. ಟೆಂಟ್, ಲೈಟ್ ಕೊಳ್ಳುವವರಲ್ಲಿ ಬಹಳ ಮಂದಿ ಅದಕ್ಕಾಗಿಯೇ ಕೊಳ್ಳುತ್ತಾರೆ. ಅದು ಬಿಸಿಲನ್ನು ಬಾಚಿ ತಿನ್ನುವ ಗಿಡ. ಹೂ ಬಿಡುವ ಹೊತ್ತಿಗೆ ಅದಕ್ಕೆ 800, 900 ಪಿಪಿಎಫ್‌ಡಿ ಕೊಡುತ್ತಾರೆ. ಇಂಥ ಟೆಂಟಿಗೆ ಇಷ್ಟು ವ್ಯಾಟ್ ಬೇಕು ಅಂತ ನೀನು ಓದುವ ಶಿಫಾರಸಿನಲ್ಲಿ ಹೆಚ್ಚಿನದು ಆ ಗಿಡದ ಲೆಕ್ಕ. ಕರಿಬೇವಿಗೆ ಅದರ ಅರ್ಧವೂ ಬೇಡ. ಕೊತ್ತಂಬರಿ, ಮೆಂತ್ಯ, ಪುದೀನ ಇನ್ನೂ ಕಡಿಮೆಯಲ್ಲಿ ಬರುತ್ತವೆ. ಅಂಗಡಿಯವನು ದೊಡ್ಡದನ್ನೇ ಕೊಳ್ಳಿ ಅಂದರೆ, ನನಗೆ ಬೇಕಾಗಿರುವುದು ಒಗ್ಗರಣೆಗೆ ಎಲೆ ಅಂತ ಹೇಳು.

ಲೆಕ್ಕವನ್ನು ನೀನೇ ಹಾಕಿ ನೋಡು, ಕಷ್ಟವೇನಿಲ್ಲ. ಎರಡಡಿಗೆ ಎರಡಡಿ ಟೆಂಟ್ ಅಂದರೆ 60 ಸೆಂಟಿಮೀಟರ್ ಚೌಕ, 0.36 ಚದರ ಮೀಟರ್. 100 ವ್ಯಾಟಿನ, 2.7 ಮೈಲೇಜಿನ ಲೈಟು ಸೆಕೆಂಡಿಗೆ 270 ಮೈಕ್ರೋಮೋಲ್ ಬೆಳಕು ಕೊಡುತ್ತದೆ. ಅದನ್ನು 0.36ರಿಂದ ಭಾಗಿಸಿದರೆ 750. ಗೋಡೆಗೆ, ಮೂಲೆಗೆ ಸೋರಿದ್ದು ಕಳೆದರೂ 600 ಉಳಿಯುತ್ತದೆ. ನಿನಗೆ ಬೇಕಾದದ್ದು 300. ಅಂದರೆ ಆ ಟೆಂಟಿಗೆ 100 ವ್ಯಾಟ್ ಧಾರಾಳವಾಯಿತು, ಅರ್ಧಕ್ಕೆ ಇಳಿಸಿ ಉರಿಸಬಹುದು. ಇಳಿಸಿ ಉರಿಸಿದರೆ ಚಿಪ್ಪು ತಣ್ಣಗಿರುತ್ತದೆ, ಬಾಳಿಕೆಯೂ ಹೆಚ್ಚು. ಅದಕ್ಕೇ ಡಿಮ್ಮರ್ ಇಲ್ಲದ ಲೈಟ್ ತರಿಸಬೇಡ. ಗಿಡ ಒಳಗೆ ಬಂದ ಹೊಸತರಲ್ಲಿ ಕಡಿಮೆ ಬೆಳಕು, ಚಿಗುರು ಕಂಡ ಮೇಲೆ ಹೆಚ್ಚು, ಅಂತ ಮೆಲ್ಲಗೆ ಏರಿಸುವುದಕ್ಕೂ ಅದು ಬೇಕು.

ಜಾಹೀರಾತಿನಲ್ಲಿ ಚೌಕಚೌಕವಾಗಿ ಅಂಕಿ ಬರೆದ ಒಂದು ನಕ್ಷೆ ಕೊಟ್ಟಿರುತ್ತಾರೆ. ಎಲ್ಲರ ಕಣ್ಣೂ ನಡುವಿನ ದೊಡ್ಡ ಅಂಕಿಯ ಮೇಲೆ ಬೀಳುತ್ತದೆ. ನೀನು ಮೂಲೆಯ ಅಂಕಿ ನೋಡು. ನಡುವೆ 900, ಮೂಲೆಯಲ್ಲಿ 200 ಇದ್ದರೆ ಒಂದು ಗಿಡ ಸುಟ್ಟು, ಪಕ್ಕದ್ದು ಹಸಿದು ಕೂತಿರುತ್ತದೆ. ಎಷ್ಟು ಎತ್ತರದಿಂದ ಅಳೆದದ್ದು ಅಂತಲೂ ನೋಡು.

ನಾನು ತಪ್ಪಿದ ಇನ್ನೊಂದು ಕಡೆ ಟೆಂಟಿನ ಎತ್ತರ. ಲೈಟು ಮತ್ತು ಅದರ ತೂಗುಹಗ್ಗಕ್ಕೆ ಒಂದಡಿ, ಕುಂಡಕ್ಕೆ ಒಂದಡಿ, ಲೈಟಿಗೂ ಎಲೆಗೂ ನಡುವೆ ಒಂದೂವರೆ ಅಡಿ. ನಾಲ್ಕಡಿ ಟೆಂಟಿನಲ್ಲಿ ಇಷ್ಟು ಹೋದರೆ ಗಿಡಕ್ಕೆ ಉಳಿಯುವುದು ಅರ್ಧ ಅಡಿ. ಕರಿಬೇವು ಮರವಾಗುವ ಜಾತಿ. ಅಗಲ ಎರಡಡಿಯೇ ಇರಲಿ, ಎತ್ತರ ಐದೂವರೆ ಆರಡಿಯದು ಹುಡುಕು. ಫೆಬ್ರವರಿಯಲ್ಲಿ ತುದಿ ಚಿವುಟುವುದಕ್ಕೆ ಹೆದರಬೇಡ, ಪಕ್ಕದಿಂದ ಕವಲೊಡೆಯುತ್ತದೆ.

ಫ್ಯಾನ್ ಇಲ್ಲದ, ಬೆನ್ನಿಗೆ ಅಲ್ಯೂಮಿನಿಯಂ ಹಲಗೆ ಇರುವ ಲೈಟ್ ಒಳ್ಳೆಯದು. ಸದ್ದಿಲ್ಲ, ಕೆಡುವುದಕ್ಕೂ ಹೆಚ್ಚೇನಿಲ್ಲ. ಒಂಟಾರಿಯೊದಲ್ಲಿ ಪ್ಲಗ್ ಹಾಕುವ ಯಾವ ಸಾಮಾನಿನ ಮೇಲೂ ಸಿಎಸ್‌ಎ, ಸಿಯುಎಲ್, ಸಿಇಟಿಎಲ್‌ನಂಥ ಮಾನ್ಯತೆಯ ಗುರುತು ಇರಲೇಬೇಕು. ಬರೀ ಸಿಇ ಅಂತ ಇದ್ದರೆ ಇಲ್ಲಿ ನಡೆಯುವುದಿಲ್ಲ. ನೀರು ಹಾಕುವ ಜಾಗದಲ್ಲಿ, ಮರದ ಮನೆಯೊಳಗೆ, ನೀವು ಮಲಗಿರುವಾಗ ರಾತ್ರಿಯಿಡೀ ಉರಿಯುವ ವಸ್ತು ಅದು. ಈ ಒಂದು ವಿಷಯದಲ್ಲಿ ಹತ್ತು ಡಾಲರ್ ಉಳಿಸಲು ಹೋಗಬೇಡಿ. ಎಕ್ಸ್‌ಟೆನ್ಷನ್ ಪೆಟ್ಟಿಗೆಯನ್ನು ನೆಲದ ಮೇಲೆ ಇಡದೆ ಗೋಡೆಗೆ ಎತ್ತರದಲ್ಲಿ ತಗುಲಿಸಿ.

ರಾತ್ರಿ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಹೊತ್ತಿಗೊಂದು ದರದ ಲೆಕ್ಕದಲ್ಲಿ ನೀವಿದ್ದರೆ ವಾರದ ದಿನಗಳಲ್ಲಿ ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ಕರೆಂಟ್ ಅಗ್ಗ. ಟೆಂಟಿನೊಳಗಿನ ಗಿಡಕ್ಕೆ ಗಡಿಯಾರ ಗೊತ್ತಿಲ್ಲ. ಟೈಮರ್ ಹಾಕಿ ಆ ಹನ್ನೆರಡು ಗಂಟೆಯನ್ನೇ ಅದರ ಹಗಲು ಮಾಡು. 60 ವ್ಯಾಟಿಗೆ ಇಳಿಸಿ ಉರಿಸಿದರೆ ತಿಂಗಳಿಗೆ ಇಪ್ಪತ್ತೆರಡು ಯೂನಿಟ್ ಆಗಬಹುದು, ಅಷ್ಟೆ. ಚಳಿ ಹೆಚ್ಚಿರುವ ಆ ಹೊತ್ತಿನಲ್ಲೇ ಲೈಟಿನ ಶಾಖವೂ ಗಿಡಕ್ಕೆ ದಕ್ಕುತ್ತದೆ. ಬೇಸ್‌ಮೆಂಟಿನ ಸಿಮೆಂಟು ನೆಲ ಬೇರಿನಿಂದ ಬಿಸಿ ಹೀರುತ್ತದೆ, ಕುಂಡದ ಕೆಳಗೆ ಒಂದು ಥರ್ಮಾಕೋಲ್ ತುಂಡು ಇಡು.

ಲೈಟ್ ಬಂದ ಮೇಲೆ ಅಳೆಯದೆ ಬಿಡಬೇಡ. ಪಿಪಿಎಫ್‌ಡಿ ಮೀಟರ್ ದುಬಾರಿ, ಕೊಳ್ಳಬೇಕಾಗಿಲ್ಲ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು, ಗಿಡದ ತುದಿಯ ಎಲೆ ಇರುವ ಎತ್ತರದಲ್ಲಿ ಫೋನ್ ಹಿಡಿ. ಬಿಳಿ ಎಲ್‌ಇಡಿಗೆ 20,000 ಲಕ್ಸ್ ಅಂದರೆ ಹೆಚ್ಚುಕಡಿಮೆ 300 ಪಿಪಿಎಫ್‌ಡಿ. ಫೋನು ಒರಟು ಅಳತೆಯ ಯಂತ್ರವೇ, ಆದರೂ ಕತ್ತಲಲ್ಲಿ ತಡಕಾಡುವುದಕ್ಕಿಂತ ಮೇಲು. ಆಮೇಲೆ ಗಿಡವೇ ಹೇಳುತ್ತದೆ. ಎಲೆಯ ಅಂಚು ಮೇಲಕ್ಕೆ ಮಡಚಿ, ತುದಿ ಬಿಳಿಚಿದರೆ ಬೆಳಕು ಹೆಚ್ಚಾಯಿತು. ಎಲೆಗೂ ಎಲೆಗೂ ನಡುವೆ ದಂಟು ಸಣಕಲಾಗಿ ಉದ್ದವಾದರೆ ಸಾಲುತ್ತಿಲ್ಲ.

ನೀರಿನ ವಿಷಯ ನಿನಗೆ ಗಟ್ಟಿಯಾಗಿಯೇ ಹೇಳಬೇಕು. ನನ್ನ ಮೊದಲ ಗಿಡ ಸತ್ತದ್ದು ನನ್ನ ಪ್ರೀತಿಯಿಂದಲೇ. ಎಲೆ ಉದುರುವುದನ್ನು ನೋಡಲಾರದೆ ದಿನಾ ನೀರು ಹಾಕಿದೆ, ಬೇರು ಕೊಳೆಯಿತು. ಬೆಳಕಿಲ್ಲದ ಗಿಡ ನೀರು ಕುಡಿಯುವುದಿಲ್ಲ. ಲೈಟ್ ಬರುವವರೆಗೆ ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ಒಂದು ಲೋಟ. ಗೊಬ್ಬರ ಈಗ ಬೇಡ. ಕಾಂಡವನ್ನು ಉಗುರಿನಿಂದ ಕೊಂಚ ಕೆರೆದು ನೋಡು. ಒಳಗೆ ಹಸಿರಿದ್ದರೆ ಎಲ್ಲಾ ಎಲೆ ಉದುರಿದರೂ ಗಿಡ ಬದುಕಿದೆ, ಎಸೆಯಬೇಡ.

ಮೇ ತಿಂಗಳ ವಿಕ್ಟೋರಿಯಾ ಡೇ ಕಳೆದ ಮೇಲೆ ಮತ್ತೆ ಹೊರಗೆ ಇಡಬಹುದು, ಮೊದಲ ವಾರ ನೆರಳಿನಲ್ಲಿ. ಅಲ್ಲಿಯವರೆಗೆ ಆರು ತಿಂಗಳು ಅದರ ಸೂರ್ಯ ನೀನು ತರಿಸುವ ಆ ಲೈಟೇ. ಆರ್ಡರ್ ಮಾಡುವ ಮುಂಚೆ ಟೇಪ್ ಹಿಡಿದು ನೆಲದಿಂದ ಗಿಡದ ತುದಿಯವರೆಗೆ, ಕುಂಡವನ್ನೂ ಸೇರಿಸಿ ಅಳೆದು ನನಗೆ ಕಳಿಸು. ಈ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ನನ್ನ ಟೆಂಟಿನ ಜಿಪ್ ತೆಗೆದು ತೋರಿಸುತ್ತೇನೆ, ಹೋಗುವಾಗ ಒಂದು ಹಿಡಿ ಕರಿಬೇವು ಕಿತ್ತುಕೊಂಡು ಹೋಗುವಿರಂತೆ.